ಒಂದೇ ಚರ್ಚ್, ಎರಡು ಆರಾಧನೆ: ಬೆಳೆ ಹಬ್ಬದ ಅಡುಗೆಯಾದರೂ ಒಟ್ಟಿಗೆ ಮಾಡೋದು ಹೇಗೆ?

ಕಾಫಿ ಹೂವು ಬರೆದದ್ದು:

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ನಮ್ಮದು ಘಟ್ಟದ ಮೇಲಿನ ಒಂದು ಸಣ್ಣ ಪೇಟೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಕಟ್ಟಡ ಒಂದೇ, ಆರಾಧನೆ ಎರಡು. ಭಾನುವಾರ ಬೆಳಗ್ಗೆ 7.30ಕ್ಕೆ ತಮಿಳು, 9.30ಕ್ಕೆ ಕನ್ನಡ. ತಮಿಳು ಆರಾಧನೆಗೆ ಬರುವವರು ಜಾಸ್ತಿ ಕಾಫಿ ಎಸ್ಟೇಟಿನ ಲೈನ್ ಮನೆಗಳವರು, ಅಂದರೆ ಕೆಲಸಗಾರರ ಸಾಲುಮನೆಗಳವರು. ಕನ್ನಡದ ನಾವು ಪೇಟೆಯವರು. ಮೇಷ್ಟ್ರುಗಳು, ನರ್ಸುಗಳು, ಅಂಗಡಿ ಇಟ್ಟವರು. ಅವರು ಹೊರಗೆ ಬರುವ ಹೊತ್ತಿಗೆ ನಾವು ಒಳಗೆ ಹೋಗುತ್ತೇವೆ. ಬಾಗಿಲಲ್ಲಿ ಒಂದು ನಗು, ಒಂದು ಸ್ತೋತ್ರ. ಅಷ್ಟೇ. ಇಪ್ಪತ್ತು ವರ್ಷದಿಂದ ನೋಡಿದ ಮುಖಗಳು, ಹೆಸರು ಮಾತ್ರ ಗೊತ್ತಿಲ್ಲ.

ಈ ವರ್ಷ ಸ್ತ್ರೀಯರ ಅನ್ಯೋನ್ಯ ಕೂಟದ ಜವಾಬ್ದಾರಿ ನನಗೆ ಬಂದಿದೆ. ಹೋದ ವರ್ಷದ ಬೆಳೆ ಹಬ್ಬ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅವತ್ತು ಎರಡೂ ಆರಾಧನೆ ಸೇರಿಸಿ ಒಂದೇ ಮಾಡಿದ್ದೆವು. ಬೈಬಲ್ ಪಾಠ ಎರಡು ಭಾಷೆಯಲ್ಲಿ ಓದಿದರು. ಪ್ರಸಂಗ ಐಕ್ಯತೆಯ ಬಗ್ಗೆಯೇ ಇತ್ತು, ಚೆನ್ನಾಗಿಯೂ ಇತ್ತು. ಮುಗಿಸಿ ಹೊರಗೆ ಬಂದರೆ ಅಂಗಳದಲ್ಲಿ ಎರಡು ಶಾಮಿಯಾನ, ಎರಡು ಒಲೆ, ಎರಡು ಪಂಕ್ತಿ. ಹೀಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಪ್ರತಿ ವರ್ಷವೂ ಹೀಗೇ ಆಗುತ್ತದೆ.

ಆ ಕಡೆ ಒಲೆ ಹತ್ತಿರ ಒಬ್ಬರು ಅಜ್ಜಿ ಅನ್ನ ಬಸಿಯುತ್ತಿದ್ದರು. ದೊಡ್ಡ ಪಾತ್ರೆ ಇರಲಿಲ್ಲ. ಮೂರು ಸಲ ಬೇಯಿಸಿ, ಮೂರು ಸಲವೂ ಗಂಜಿಯನ್ನು ಪ್ಲಾಸ್ಟಿಕ್ ಬಕೆಟ್‌ಗೆ ಬಸಿದರು. ಬಿಸಿಗೆ ಬಕೆಟ್ ಬಳುಕುತ್ತಿತ್ತು. ಅಲ್ಲಿಂದ ಹತ್ತು ಹೆಜ್ಜೆ ದೂರ ನಮ್ಮ ಸ್ಟೋರ್ ರೂಮ್. ಒಳಗೆ ಮೂರು ದೊಡ್ಡ ಕೊಪ್ಪರಿಗೆ ಖಾಲಿ ಬಿದ್ದಿದ್ದವು. ಬಾಗಿಲಿಗೆ ಬೀಗ. ಬೀಗದ ಕೈ ನಮ್ಮ ಕೂಟದ ಹತ್ತಿರ. ನಾನು ಅಲ್ಲೇ ನಿಂತಿದ್ದೆ. ನೋಡಿದೆ. ತೆಗೆದುಕೊಡಬೇಕು ಅಂತ ಹೊಳೆದದ್ದು ಮನೆಗೆ ಬಂದ ಮೇಲೆ.

ನವೆಂಬರಿನಲ್ಲಿ ಮತ್ತೆ ಹಬ್ಬ ಬರುತ್ತದೆ. ಈ ಸಲ ಅಡುಗೆ ಒಂದೇ ಒಲೆಯಲ್ಲಿ ಆಗಬೇಕು ಅಂತ ನನ್ನಾಸೆ. ಹೇಗೆ ಶುರು ಮಾಡೋದು? ನಿಮ್ಮ ಸಭೆಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

---

ನೇತ್ರಾವತಿ ದಂಡೆ ಬರೆದದ್ದು:

ಅಕ್ಕಾ, ವಂದನೆಗಳು. ನಾನು ಮಂಗಳೂರಿನ ಕಡೆಯವನು, ನಮ್ಮದು ಬಾಸೆಲ್ ಮಿಶನ್ ಮೂಲದ ಸಭೆ. ನಮ್ಮಲ್ಲಿ ಬೆಳೆ ಹಬ್ಬ ಅಂದರೆ ಏಲಂ. ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿ, ಬಸಳೆ ಕಟ್ಟು, ಊರ ಕೋಳಿ, ಯಾರೋ ಮನೆಯಲ್ಲಿ ಮಾಡಿದ ಕೇಕ್, ಎಲ್ಲ ಬರುತ್ತದೆ. ಆರಾಧನೆ ಆದ ಮೇಲೆ ಅಂಗಳದಲ್ಲಿ ಒಂದೊಂದೇ ಕೂಗುತ್ತಾರೆ.

ನಾನು ಕಂಡ ಒಂದು ಏಲಂ ಹೇಳ್ತೇನೆ. ಒಬ್ಬರು ವಿಧವೆ ತಮ್ಮ ಹಿತ್ತಲಿನ ಒಂದೇ ಒಂದು ಬೂದಗುಂಬಳ ತಂದಿದ್ದರು. ಮೊದಲು ತೆಗೆದುಕೊಂಡವರು ದುಡ್ಡು ಕೊಟ್ಟು 'ಇನ್ನೊಮ್ಮೆ ಕೂಗಿ' ಅಂತ ಕಾಯಿಯನ್ನು ವಾಪಸ್ ಇಟ್ಟರು. ಎರಡನೆಯವರೂ ಹಾಗೇ ಮಾಡಿದರು. ಅದು ಏಳು ಕೈ ದಾಟಿತು. ಕೊನೆಗೆ ತೆಗೆದುಕೊಂಡವರು ಅದನ್ನು ಆ ಅಮ್ಮನ ಮನೆಗೇ ಕಳಿಸಿದರು. ಆ ಏಳು ಜನರಲ್ಲಿ ಇಬ್ಬರಿಗೆ ಕಮಿಟಿ ಚುನಾವಣೆ ಆದಾಗಿನಿಂದ ಮಾತಿರಲಿಲ್ಲ. ಕುಂಬಳಕಾಯಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮಾತಾಡಲೇಬೇಕಾಯಿತು.

ಏಲಂ ಕೂಗಲು ಎರಡು ಕಡೆಯಿಂದ ಒಬ್ಬೊಬ್ಬರನ್ನು ನಿಲ್ಲಿಸಿ. ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಲ್ಲಿ. ಜನ ತಾವಾಗಿಯೇ ಹತ್ತಿರ ಬರುತ್ತಾರೆ.

---

ಹಳೇ ಮೈಸೂರಿಗ ಬರೆದದ್ದು:

ತಂಗೀ, ನೀನು ಬರೆದದ್ದನ್ನು ಎರಡು ಸಲ ಓದಿದೆ. ನಾನು ಮೆಥೊಡಿಸ್ಟ್ ಮನೆತನದವನು. ನಮ್ಮ ತಾತ ವೆಸ್ಲಿಯನ್ ಮಿಶನ್ ಶಾಲೆಯಲ್ಲಿ ಓದಿದವರು. ಸಿಎಸ್‌ಐ ಹುಟ್ಟಿದ ಕಥೆ ನಿನ್ನ ಕೆಲಸಕ್ಕೆ ಬರಬಹುದು ಅನ್ನಿಸಿತು.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಸೇವಕರು ಕೂತು ಮಾತಾಡಿದರು. ಅದರಲ್ಲಿ ಮುಂದೆ ನಿಂತವರು ಬಿಷಪ್ ಅಜರಯ್ಯ, ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಮೂಲದ) ಸಭೆಯ ಮೊದಲ ಭಾರತೀಯ ಬಿಷಪ್. ನಾವೆಲ್ಲ ಕ್ರಿಸ್ತನವರೇ ಆದರೆ ಇಂಗ್ಲೆಂಡಿನ ಜಗಳಗಳನ್ನು ನಾವೇಕೆ ಹೊತ್ತು ತಿರುಗಬೇಕು ಅನ್ನೋದು ಅವರ ಸಂಕಟ. ಆ ಮಾತು ಕಾರ್ಯಕ್ಕೆ ಬರಲು 28 ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾದವು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿಯಲ್ಲೇ ತೀರಿಕೊಂಡಿದ್ದರು.

ಆ 28 ವರ್ಷ ಯಾವುದಕ್ಕೆ ಹೋಯಿತು ಗೊತ್ತಾ? ಯಾರು ಏನು ಬಿಟ್ಟುಕೊಡಬೇಕು ಅನ್ನುವುದಕ್ಕೆ. ಬಿಷಪ್ ಇಲ್ಲದೆ ನಡೆದುಬಂದ ಸಭೆಗಳು ಬಿಷಪ್‌ರನ್ನು ಒಪ್ಪಬೇಕಿತ್ತು. ಬಿಷಪ್ ಕೈಯಿಟ್ಟು ಅಭಿಷೇಕ ಮಾಡದವರನ್ನೂ ಆಂಗ್ಲಿಕನರು ಪೂರ್ಣ ಪಾದ್ರಿಗಳೆಂದು ಒಪ್ಪಬೇಕಿತ್ತು. ಇಬ್ಬರಿಗೂ ಕಷ್ಟವಾಯಿತು, ಆದರೂ ಇಬ್ಬರೂ ಒಪ್ಪಿದರು. ಎಲ್ಲರೂ ಒಪ್ಪಲಿಲ್ಲ ಅನ್ನೋದೂ ನಿಜ. ಆಂಧ್ರದ ನಂದ್ಯಾಲದ ಕಡೆ ಹಲವು ಆಂಗ್ಲಿಕನ್ ಸಭೆಗಳು ಹೊರಗೇ ಉಳಿದವು. ಅವರು ಸೇರಲು ಇನ್ನೂ ಸುಮಾರು ಮೂರು ದಶಕ ಬೇಕಾಯಿತು. 2013ರಲ್ಲಿ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು ಅಧಿಕಾರ ವಹಿಸಿಕೊಂಡದ್ದು ಅದೇ ನಂದ್ಯಾಲದಲ್ಲಿ. ಕೊನೆಗೆ ಬಂದವರೇ ಒಂದು ವಿಷಯದಲ್ಲಿ ಮುಂದೆ ನಡೆದರು.

ಇನ್ನೊಂದು ಮಾತು. ಕಾಗದದ ಮೇಲೆ ಒಂದಾಗುವ ಮುಂಚೆಯೇ ಕೆಲಸದಲ್ಲಿ ಒಂದಾಗಿದ್ದರು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜನ್ನು ಹಲವು ಮಿಶನ್‌ಗಳು ಕೂಡಿ 1910ರಲ್ಲೇ ಶುರು ಮಾಡಿದವು. ನಮ್ಮ ಕಡೆ ಎಲ್ಲರ ಕೈಯಲ್ಲೂ ಇದ್ದದ್ದು ಕನ್ನಡ ಸತ್ಯವೇದ. ಒಂದೇ ಕಾಲೇಜಿನಲ್ಲಿ ಓದಿದ ಪಾದ್ರಿಗಳು ಊರಿಗೆ ಬಂದ ಮೇಲೆ ಬೇರೆ ಬೇರೆ ಅಂತ ಎಷ್ಟು ದಿನ ಕೂರಲು ಸಾಧ್ಯ?

ನೀನು ಅಡುಗೆಯಿಂದ ಶುರು ಮಾಡಬೇಕು ಅಂದುಕೊಂಡದ್ದು ಸರಿಯಾಗಿದೆ. ಆದರೆ ನಿಮ್ಮ ಕಡೆಯವರು ಏನು ಬಿಟ್ಟುಕೊಡುತ್ತೀರಿ ಅನ್ನೋದನ್ನೂ ಯೋಚಿಸು.

---

ಹೊಸ ತೆನೆ ಬರೆದದ್ದು:

ನಾನು ಕಥೋಲಿಕಳು, ಉಡುಪಿಯ ಕಡೆಯವಳು. ನಡುವೆ ಬಂದು ಹೇಳ್ತಿದ್ದೇನೆ, ಬೇಜಾರಿಲ್ಲ ಅಲ್ವಾ?

ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆ ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆ ಆಶೀರ್ವಾದ ಮಾಡಿ ಮನೆ ಮನೆಗೆ ಕೊಡುತ್ತಾರೆ. ಆ ಭತ್ತದ ಕಾಳನ್ನು ಸುಲಿದು, ಪುಡಿ ಮಾಡಿ ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕುಡಿಯಬೇಕು. ಊರಲ್ಲಿ ಇಲ್ಲದವರಿಗೆ ಒಂದು ಕಾಳನ್ನಾದರೂ ಅಂಚೆಯಲ್ಲಿ ಕಳಿಸುತ್ತಿದ್ದರು ನಮ್ಮ ಅಮ್ಮ. ಅವತ್ತು ಶುದ್ಧ ತರಕಾರಿ ಊಟ.

ನಾನು ಹೇಳಬೇಕಿದ್ದದ್ದು ವಾಡೊ ಬಗ್ಗೆ. ನಮ್ಮ ಚರ್ಚ್‌ಗಳು ವಾಡೊಗಳಾಗಿ ಹಂಚಿರುತ್ತವೆ, ಪ್ರತಿ ವಾಡೊಗೂ ಒಬ್ಬರು ಗುರ್ಕಾರ (ಮುಖಂಡ). ಹಂಚೋದು ಮನೆ ಎಲ್ಲಿದೆ ಅನ್ನೋದರ ಮೇಲೆ. ದುಡ್ಡು, ಮನೆಮಾತು ಯಾವುದೂ ಲೆಕ್ಕಕ್ಕಿಲ್ಲ. ಹಾಗಾಗಿ ಬಂಗ್ಲೆಯವರೂ ಗದ್ದೆ ಕೆಲಸದವರೂ ಒಂದೇ ವಾಡೊ. ಯಾರಾದರೂ ತೀರಿಕೊಂಡರೆ ಮೊದಲು ಬರೋದು ವಾಡೊದವರು. ನೀವೂ ಹಬ್ಬದ ಕೆಲಸವನ್ನು ಬೀದಿ, ಎಸ್ಟೇಟ್ ಲೆಕ್ಕದಲ್ಲಿ ಹಂಚಿ ನೋಡಿ. ಕನ್ನಡದವರು ತರಕಾರಿ, ತಮಿಳಿನವರು ಸೌದೆ ಅಂತ ಹಂಚಿದರೆ ಮತ್ತೆ ಎರಡು ಒಲೆಯೇ ಆಗುತ್ತದೆ.

---

ನೇರ ಮಾತು ಬರೆದದ್ದು:

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. ನನ್ನ ಅನುಭವ ಸ್ವಲ್ಪ ಬೇರೆ. ಅದನ್ನೂ ಹೇಳಬೇಕು.

ನಾನು ಮೊದಲು ಹೋಗುತ್ತಿದ್ದ ಸಭೆಯಲ್ಲಿ ಸಮುದಾಯ ಭವನದ ಬಾಡಿಗೆ ಲೆಕ್ಕ ಎರಡು ವರ್ಷ ಸಭೆಯ ಮುಂದೆ ಬರಲಿಲ್ಲ. ಸಾಮಾನ್ಯ ಸಭೆಯಲ್ಲಿ ಎದ್ದು ಕೇಳಿದೆ. ಬಂದ ಉತ್ತರ: 'ಸಭೆಯ ಐಕ್ಯತೆ ಹಾಳು ಮಾಡಬೇಡಿ.' ಮುಂದಿನ ವಾರದಿಂದ ನನ್ನನ್ನು ಪಾಠ ಓದಲು ಕರೆಯಲಿಲ್ಲ. ಹೆಂಡತಿಯನ್ನು ಕೊಯರ್‌ನಿಂದ (ಹಾಡುವ ತಂಡದಿಂದ) ಮೆಲ್ಲಗೆ ಬಿಟ್ಟರು. ಒಂದು ವರ್ಷ ಸಹಿಸಿಕೊಂಡು ಕೊನೆಗೆ ಸಭೆ ಬದಲಿಸಿದೆವು. ಮಗಳು ಆ ಸಂಡೇ ಸ್ಕೂಲಿನ ಗೆಳತಿಯರನ್ನು ಇವತ್ತಿಗೂ ನೆನೆಯುತ್ತಾಳೆ.

ಹಾಗಾಗಿ ಐಕ್ಯತೆ ಅನ್ನುವ ಪದ ಕೇಳಿದರೆ ನನಗೆ ಭಯ. ಬಾಯಿ ಮುಚ್ಚಿಸುವುದಕ್ಕೂ ಅದೇ ಪದ ಬಳಸುತ್ತಾರೆ. ಅಕ್ಕಾ, ಒಟ್ಟಿಗೆ ಅಡುಗೆ ಮಾಡಿ, ಖಂಡಿತ ಮಾಡಿ. ಆದರೆ ಏಲಂ ದುಡ್ಡು ಎಷ್ಟು ಬಂತು, ಅಡುಗೆಗೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿಗೆ ಹೋಯಿತು ಅನ್ನೋದನ್ನು ಎರಡು ಭಾಷೆಯಲ್ಲೂ ಬರೆದು ಬಾಗಿಲಿಗೆ ಅಂಟಿಸಿ. ದುಡ್ಡು ಎಣಿಸುವಾಗ ಎರಡು ಕಡೆಯವರೂ ಮೇಜಿನ ಸುತ್ತ ಕೂರಲಿ.

---

ಕಾಫಿ ಹೂವು ಬರೆದದ್ದು:

@ನೇರ ಮಾತು ಅಣ್ಣಾ, ಓದಿ ನೋವಾಯಿತು. ಲೆಕ್ಕದ ವಿಷಯ ಬರೆದಿಟ್ಟುಕೊಂಡೆ.

@ಹಳೇ ಮೈಸೂರಿಗ ಸಾರ್, 'ನೀವು ಏನು ಬಿಟ್ಟುಕೊಡುತ್ತೀರಿ' ಅಂದಿರಿ. ಎರಡು ದಿನದಿಂದ ಅದೇ ತಲೆಯಲ್ಲಿದೆ. ನಿನ್ನೆ ಕೂಟದಲ್ಲಿ ಮಾತು ತೆಗೆದೆ. ಹೆಚ್ಚಿನವರು 'ಅವರನ್ನು ನಮ್ಮ ಊಟಕ್ಕೆ ಕರೆಯೋಣ, ಅಡುಗೆ ನಾವೇ ಮಾಡೋಣ, ಪಾಪ' ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೇಳಲು ನನಗೆ ಆಗಲಿಲ್ಲ.

---

ಏಲಕ್ಕಿ ಮಳೆ ಬರೆದದ್ದು:

ಏನು ಸರಿಯಿಲ್ಲ ಅಂತ ನಾನು ಹೇಳಲು ಪ್ರಯತ್ನ ಮಾಡ್ತೇನೆ, ಅಕ್ಕಾ.

ನಾನು ಕೊಡಗಿನ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿದವನು. ಮನೆಮಾತು ತಮಿಳು, ಓದಿದ್ದು ಕನ್ನಡ ಮೀಡಿಯಂ. ಈಗ ಮೈಸೂರಿನಲ್ಲಿ ಕೆಲಸ. ನಿಮ್ಮ ಸಭೆ ನನಗೆ ಗೊತ್ತಿಲ್ಲ. ಆದರೆ ನೀವು ಬರೆದ ಬಕೆಟ್ ನನಗೆ ಗೊತ್ತು.

ಮೊದಲು 7.30ರ ವಿಷಯ. ನಮ್ಮ ಸಭೆಯಲ್ಲೂ ತಮಿಳು ಆರಾಧನೆ ಮೊದಲು. ಪೇಟೆಯ ಹತ್ತಿರ ಇರುವವರಿಗೆ ತಡವಾದ ಆರಾಧನೆ, ಹನ್ನೆರಡು ಕಿಲೋಮೀಟರ್ ದೂರದಿಂದ ಬರುವ ನಮಗೆ ಬೇಗನೆಯದು. ಐದಕ್ಕೆ ಎದ್ದು, ಇಬ್ಬನಿಯಲ್ಲಿ ಗೇಟಿನ ತನಕ ನಡೆದು, ಅಲ್ಲಿ ಜೀಪಿಗೆ ಕಾಯಬೇಕು. ಮಳೆಗಾಲದಲ್ಲಿ ಅಮ್ಮ ನಮ್ಮ ಬಿಳಿ ಅಂಗಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತರುತ್ತಿದ್ದರು. ಚರ್ಚ್ ಹಿಂದೆ ನಿಂತು ಬದಲಿಸಿಕೊಳ್ಳುತ್ತಿದ್ದೆವು. ನಮಗೆ ಯಾವ ಸಮಯ ಅನುಕೂಲ ಅಂತ ಒಬ್ಬರೂ ಕೇಳಿರಲಿಲ್ಲ. ಕೆಟ್ಟ ಮನಸ್ಸು ಯಾರಿಗೂ ಇರಲಿಲ್ಲ. ಸುಮ್ನೆ ಹೊಳೆದಿರಲಿಲ್ಲ.

ಎರಡನೆಯದು ಪಾತ್ರೆ. ಇದನ್ನು ಬರೆಯಲು ಸ್ವಲ್ಪ ಕಷ್ಟ. ನಾನು ಚಿಕ್ಕವನಿದ್ದಾಗ ಚರ್ಚಿನ ದೊಡ್ಡ ಪಾತ್ರೆ ನಮಗೆ ಸಿಗುತ್ತಿರಲಿಲ್ಲ. ಯಾರೂ ಕೊಡಲ್ಲ ಅಂದಿರಲಿಲ್ಲ. ಬೀಗದ ಕೈ ಇಟ್ಟುಕೊಂಡವರು ಊರಲ್ಲಿಲ್ಲ ಅನ್ನುತ್ತಿದ್ದರು, ಅಷ್ಟೇ. ಒಂದು ಹಬ್ಬದ ದಿನ ನಮ್ಮ ಪಾಟಿ (ಅಜ್ಜಿ) ಅಪ್ಪನನ್ನು ಕೇಳಿದರು: 'ಬೀಗದ ಕೈ ನಿಜವಾಗಿ ಸಿಗ್ತಾ ಇಲ್ವಾ, ಇಲ್ಲ ನಾವು ಮುಟ್ಟಬಾರದು ಅಂತಾನಾ?' ಅಪ್ಪ ಉತ್ತರ ಕೊಡಲಿಲ್ಲ. ಕ್ರೈಸ್ತರಾಗಿ ಮೂರು ತಲೆಮಾರು ಆಗಿತ್ತು ನಾವು. ಆದರೂ ಪಾಟಿಯ ಬಾಯಿಗೆ ಆ ಪ್ರಶ್ನೆ ಬಂತು. ಬೀಗ ಹಾಕಿದವರ ಮನಸ್ಸಿನಲ್ಲಿ ಅದು ಇತ್ತೋ ಇಲ್ಲವೋ ದೇವರಿಗೆ ಗೊತ್ತು. ಬೀಗ ನೋಡಿದವರ ಮನಸ್ಸಿಗಂತೂ ಅದೇ ಬಂತು.

ಆದ್ದರಿಂದ ಅಕ್ಕಾ, ನಮ್ಮನ್ನು ಊಟಕ್ಕೆ ಕರೆಯಬೇಡಿ. ಅಡುಗೆಗೆ ಕರೆಯಿರಿ. ಊಟಕ್ಕೆ ಕರೆದರೆ ನಾವು ನೆಂಟರು. ಕೈ ತೊಳೆದು, ಥ್ಯಾಂಕ್ಸ್ ಹೇಳಿ ಹೊರಡಬೇಕು. ಅಡುಗೆಗೆ ಕರೆದರೆ ಉಪ್ಪು ಜಾಸ್ತಿ ಆಯ್ತು ಅಂತ ಜಗಳ ಆಡುವ ಹಕ್ಕೂ ಇರುತ್ತದೆ.

---

ಬೆಟಗೇರಿ ಮಗ್ಗ ಬರೆದದ್ದು:

@ಏಲಕ್ಕಿ ಮಳೆ ತಮ್ಮಾ, ಓದಿ ಸುಮ್ಮನೆ ಕೂತುಬಿಟ್ಟೆ. ಬರೆದದ್ದು ಒಳ್ಳೆಯದಾಯಿತು.

ನಮ್ಮ ಉತ್ತರ ಕರ್ನಾಟಕದ ಕಡೆ ನಮ್ಮವ್ವ ಒಂದು ಪದ್ಧತಿ ನಡೆಸಿದ್ದಳು, ಹಿಡಿ ಅಕ್ಕಿ. ದಿನಾ ಅಡುಗೆಗೆ ಅಕ್ಕಿ ಅಥವಾ ಜೋಳದ ಹಿಟ್ಟು ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕೋದು. ವಾರಕ್ಕೊಮ್ಮೆ ಚರ್ಚಿಗೆ ಒಯ್ಯೋದು. ಎಲ್ಲರ ಮನೆಯದೂ ಒಂದೇ ಚೀಲಕ್ಕೆ. ಒಂದರಲ್ಲಿ ಸೋನಾ ಮಸೂರಿ, ಇನ್ನೊಂದರಲ್ಲಿ ರೇಷನ್ ಅಕ್ಕಿ. ಚೀಲದೊಳಗೆ ಬಿದ್ದ ಮೇಲೆ ಯಾರದು ಯಾವುದು ಅಂತ ಆರಿಸಲು ಆಗುತ್ತದೆಯೇ? ಹಾಸಿಗೆ ಹಿಡಿದವರ ಮನೆಗೆ ಅದು ಹೋಗುತ್ತಿತ್ತು.

ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ. ಇವತ್ತಿನಿಂದಲೇ ಎರಡು ಕಡೆಯ ಮನೆಗಳಲ್ಲಿ ಹಿಡಿ ಅಕ್ಕಿ ಶುರು ಮಾಡಿ. ಒಂದು ಹಿಡಿ ಅಂದರೆ ಐವತ್ತು ಗ್ರಾಂ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಮನೆ, ಎರಡು ತಿಂಗಳು ಅಂದರೆ ಅರವತ್ತು ಕೆಜಿ ಆಗುತ್ತದೆ. ಹಬ್ಬದ ಅನ್ನ ಅದರಿಂದಲೇ ಆಗಲಿ. ಒಲೆ ಹಚ್ಚುವ ಮೊದಲೇ ಅಕ್ಕಿ ಒಂದಾಗಿರುತ್ತದೆ.

---

ಮರಳುಗಾಡಿನ ಕನ್ನಡಿಗ ಬರೆದದ್ದು:

ದುಬೈಯಿಂದ ಎರಡು ಮಾತು. ಇಲ್ಲಿ ಚರ್ಚ್ ಕಟ್ಟಲು ಎಲ್ಲರಿಗೂ ಜಾಗ ಸಿಗುವುದಿಲ್ಲ. ಔದ್ ಮೇತಾದ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಹತ್ತಾರು ಸಭೆಗಳು ಸರದಿ ಪ್ರಕಾರ ಆರಾಧನೆ ಮಾಡುತ್ತವೆ. ಮಲಯಾಳಂ, ತಮಿಳು, ಉರ್ದು, ಫಿಲಿಪೀನ್ಸಿನವರು, ಆಫ್ರಿಕಾದವರು. ಒಬ್ಬರ ಹಾಡು ಮುಗಿಯುವುದರೊಳಗೆ ಇನ್ನೊಬ್ಬರು ಬಾಗಿಲಲ್ಲಿ. ಹಾಗಾಗಿ ಒಂದು ಶಿಸ್ತು ಬಂದಿದೆ: ನೀವು ಹೊರಡುವಾಗ ಕುರ್ಚಿಗಳನ್ನು ಮುಂದಿನವರಿಗಾಗಿ ಜೋಡಿಸಿ ಹೋಗಬೇಕು. ನಾನು ಮೊದಲು ಇದನ್ನು ನಿಯಮ ಅಂದುಕೊಂಡಿದ್ದೆ. ಗುರುತು ಪರಿಚಯ ಇಲ್ಲದ ಯಾರೋ ನಾವು ಬರುವ ಮುಂಚೆ ನಮ್ಮ ಕುರ್ಚಿ ಜೋಡಿಸಿದ್ದಾರೆ ಅಂತ ಆಮೇಲೆ ಅನ್ನಿಸತೊಡಗಿತು. ಊರಲ್ಲಿ ಸ್ವಂತ ಕಟ್ಟಡ ಇದ್ದಾಗ ಈ ಅನುಭವ ನನಗೆ ಆಗಿರಲಿಲ್ಲ.

---

ಹಳೇ ಮೈಸೂರಿಗ ಬರೆದದ್ದು:

@ಏಲಕ್ಕಿ ಮಳೆ ಬರೆದದ್ದನ್ನು ಓದಿದ ಮೇಲೆ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದೆ. ಎಲ್ಲರಿಗೂ ಗೊತ್ತಿರುವ ಭಾಗ. ಆದರೂ ಮತ್ತೆ ಓದಿ ನೋಡಿ.

ಯೆರೂಸಲೇಮಿನ ಮೊದಲ ಸಭೆ. ಒಂದೇ ಸಭೆ, ಎರಡು ಭಾಷೆ: ಗ್ರೀಕ್ ಮಾತಾಡುವವರು, ಇಬ್ರಿಯ ಮಾತಾಡುವವರು. ಜಗಳ ಯಾವುದರ ಬಗ್ಗೆ? ಊಟದ ಬಗ್ಗೆ. ದಿನಾ ಹಂಚುವುದರಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಅಂತ ಗ್ರೀಕ್ ಭಾಷೆಯವರು ಗೊಣಗಿದರು. ಗೊಣಗಬೇಡಿ, ಐಕ್ಯತೆ ಹಾಳಾಗುತ್ತದೆ ಅಂತ ಅಪೊಸ್ತಲರು ಹೇಳಲಿಲ್ಲ. (@ನೇರ ಮಾತು, ಇದನ್ನು ಗಮನಿಸಿ.) ಏಳು ಜನರನ್ನು ಆರಿಸಿ, ಹಂಚುವ ಕೆಲಸ ಅವರಿಗೆ ಕೊಡಿ ಅಂದರು.

ಆ ಏಳು ಹೆಸರು ನೋಡಿ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಆ ಕಾಲದಲ್ಲಿ ಇಬ್ರಿಯರಿಗೂ ಗ್ರೀಕ್ ಹೆಸರು ಇರುತ್ತಿತ್ತು, ಒಪ್ಪುತ್ತೇನೆ. ಆದರೂ ಏಳಕ್ಕೆ ಏಳು! ನಾನು ಇದನ್ನು ಓದುವುದು ಹೀಗೆ: ಆ ಕಡೆ ಮೂರು, ಈ ಕಡೆ ನಾಲ್ಕು ಅಂತ ಹಂಚಲಿಲ್ಲ. ಯಾರಿಗೆ ಅನ್ಯಾಯ ಆಗಿತ್ತೋ ಅವರ ಕೈಗೇ ಉಗ್ರಾಣ ಕೊಟ್ಟರು. ನಮ್ಮ ವಿಧವೆಯರನ್ನು ಇವರು ಮರೆಯುವುದಿಲ್ಲ ಅಂತ ಇಬ್ರಿಯರು ನಂಬಬೇಕಾಯಿತು.

ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಈ ಪಾಠ ಮಾಡಿದ್ದೇನೆ. ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಕೊಪ್ಪರಿಗೆಯ ಬೀಗ ಕೇಳಿದ ಮೇಲೆಯೇ ಇದು ಅರ್ಥವಾದದ್ದು.

ತಂಗೀ, ಸ್ಟೋರ್ ರೂಮಿನ ಬೀಗದ ಕೈಯನ್ನು ಅವರಿಗೆ ಕೊಡು. ಒಂದು ದಿನಕ್ಕೆ ಎರವಲಾಗಿ ಬೇಡ. ಅವರ ಹತ್ತಿರವೇ ಇರಲಿ. ನಿಮಗೆ ಬೇಕಾದಾಗ ನೀವು ಹೋಗಿ ಕೇಳಿ.

---

ನೇತ್ರಾವತಿ ದಂಡೆ ಬರೆದದ್ದು:

ಏಳು ಹೆಸರಿನ ವಿಷಯ ನಾನು ಎಂದೂ ಯೋಚಿಸಿರಲಿಲ್ಲ. ಇದನ್ನು ನಮ್ಮ ಯುವಜನ ಕೂಟದಲ್ಲಿ ಹೇಳಬೇಕು.

ಇನ್ನೊಂದು ಕೇಳಬೇಕಿತ್ತು. ಕರ್ತನ ಭೋಜನದ ದಿನ ನಾವು ಕೈಗೆ ಕೈ ಕೊಟ್ಟು ಸಮಾಧಾನ ಹೇಳುತ್ತೇವಲ್ಲ, ಅದು ಎಲ್ಲಿಂದ ಬಂತು?

---

ಹಳೇ ಮೈಸೂರಿಗ ಬರೆದದ್ದು:

ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿ ಅದು. 1950ರಲ್ಲಿ ಸಿಎಸ್‌ಐ ತನ್ನ ಹೊಸ ಆರಾಧನಾ ಕ್ರಮ ಮಾಡಿದಾಗ ಅದನ್ನು ಸೇರಿಸಿಕೊಂಡಿತು. ಬೇರೆ ದೇಶಗಳ ಸಭೆಗಳು ಆಮೇಲೆ ಆ ಕ್ರಮವನ್ನು ಬಹಳ ಮೆಚ್ಚಿಕೊಂಡವು. ಪಾದ್ರಿಯಿಂದ ಶುರುವಾಗಿ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಎರಡೂ ಅಂಗೈಗಳ ನಡುವೆ ಇನ್ನೊಬ್ಬರ ಕೈ ಹಿಡಿಯಬೇಕು. ಕೆಲವು ಕಡೆ ಈಗ ಕೂತಲ್ಲೇ ಕೈ ಮುಗಿದು ಮುಗಿಸುತ್ತಾರೆ. ದಾಟಿಸಬೇಕು. ಬೆಂಚಿನಿಂದ ಬೆಂಚಿಗೆ, ನಡುವಿನ ದಾರಿ ದಾಟಿ ಆ ಕಡೆಗೂ.

---

ಕಾಫಿ ಹೂವು ಬರೆದದ್ದು:

ಎಲ್ಲರಿಗೂ ವಂದನೆಗಳು. ಎರಡು ತಿಂಗಳ ಮೇಲೆ ಬರೀತಿದ್ದೇನೆ. ಹೋದ ಭಾನುವಾರ ಹಬ್ಬ ಆಯಿತು. ನಡೆದದ್ದನ್ನು ನಡೆದ ಹಾಗೆ ಹೇಳ್ತೇನೆ.

ಬೀಗದ ಕೈ ಕೊಡುವ ಮಾತು ಕೂಟದಲ್ಲಿ ಸುಲಭವಾಗಿ ದಾಟಲಿಲ್ಲ. 'ಪಾತ್ರೆ ಕಳೆದರೆ ಯಾರು ಜವಾಬ್ದಾರಿ' ಅಂದರು. ನಾನು @ಏಲಕ್ಕಿ ಮಳೆ ತಮ್ಮ ಬರೆದದ್ದನ್ನು ಓದಿ ಹೇಳಿದೆ. ಪಾಟಿಯ ಪ್ರಶ್ನೆ ಬಂದಾಗ ನನ್ನ ಗಂಟಲು ಕಟ್ಟಿತು, ಪಕ್ಕದವರು ಮುಂದಕ್ಕೆ ಓದಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಹದಿನೆಂಟು ವರ್ಷದಿಂದ ಆ ಬೀಗದ ಕೈ ಇಟ್ಟುಕೊಂಡವರು, ಸೆರಗಿನ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟರು. 'ನಾನು ಜೋಪಾನ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ' ಅಂದರು. ಅವರನ್ನು ಯಾರೂ ದೂರಲಿಲ್ಲ. ದೂರುವ ಹಾಗೂ ಇರಲಿಲ್ಲ. ಅವರಷ್ಟು ದುಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಮುಂದಿನ ಭಾನುವಾರ ನಾವು ಆರು ಜನ 7.30ರ ಆರಾಧನೆಗೆ ಹೋದೆವು. ಮುಗಿದ ಮೇಲೆ ಆ ಹಿರಿಯರೇ ಬೀಗದ ಕೈಯನ್ನು ಬಕೆಟಿಗೆ ಗಂಜಿ ಬಸಿದ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಏನಾದರೂ ತೊಳೆದುಕೊಡಬೇಕಾ ಅಂತ ಕೇಳಿದರು. ಆ ಪ್ರಶ್ನೆ ನಮಗೆಲ್ಲ ಚುಚ್ಚಿತು.

ಹಿಡಿ ಅಕ್ಕಿ 34 ಮನೆಗಳಿಂದ ಬಂತು. ಒಟ್ಟು 58 ಕೆಜಿ. ಎಲ್ಲರೂ ದಿನಾ ಹಾಕಲಿಲ್ಲ, ಪರವಾಗಿಲ್ಲ. ಬೇರೆ ಬೇರೆ ಅಕ್ಕಿ ಒಂದೇ ಸಲ ಬೇಯುವುದಿಲ್ಲ ಅಂತ ಅಜ್ಜಿ ಮೊದಲೇ ಹೇಳಿದರು. ಹಿಂದಿನ ಸಂಜೆ ಎಲ್ಲರೂ ಮೊರ ಹಿಡಿದು ಕೂತು ದಪ್ಪ ಅಕ್ಕಿ, ಸಣ್ಣ ಅಕ್ಕಿ ಕಣ್ಣಂದಾಜಿನಲ್ಲಿ ಬೇರೆ ಮಾಡಿದೆವು. (@ಬೆಟಗೇರಿ ಮಗ್ಗ ಅಣ್ಣಾ, ಚೀಲಕ್ಕೆ ಬಿದ್ದದ್ದನ್ನು ಆರಿಸಬೇಕಾಯಿತು! ಆದರೆ ಆ ಮೂರು ಗಂಟೆಯಲ್ಲೇ ನಾನು ಹನ್ನೊಂದು ಹೆಂಗಸರ ಹೆಸರು, ಮಕ್ಕಳು, ಕಾಯಿಲೆ ಎಲ್ಲ ತಿಳಿದುಕೊಂಡೆ.)

ಒಂದೇ ಒಲೆಸಾಲು. ಕೆಲಸವನ್ನು ಬೀದಿ ಮತ್ತು ಎಸ್ಟೇಟ್ ಲೆಕ್ಕದಲ್ಲಿ ಹಂಚಿದೆವು. ಸಾರಿಗೆ ಹುಣಸೆ ಎಷ್ಟು ಅಂತ ನಿಜವಾಗಿಯೂ ಜಗಳ ಆಯಿತು. ಅವರು ಹೇಳಿದಷ್ಟೇ ಹಾಕಿದೆವು. ನನ್ನ ನಾಲಿಗೆಗೆ ಸ್ವಲ್ಪ ಹುಳಿಯೇ. ಅಂಗಡಿಯವರ ಮಗ ಮೂರು ಸಲ ಹಾಕಿಸಿಕೊಂಡ.

ಇಬ್ಬರು ಅಡುಗೆಗೆ ಬರಲಿಲ್ಲ. ಕೇಳಿದ್ದಕ್ಕೆ ಹುಷಾರಿಲ್ಲ ಅಂದರು. ಅವರ ಮನೆಗೆ ಈ ವಾರ ಹೋಗಿ ಬರಬೇಕು, ನಮ್ಮ ಹಿರಿಯರೂ ಬರ್ತೀನಿ ಅಂದಿದ್ದಾರೆ.

ಏಲಂ ಎರಡು ಭಾಷೆಯಲ್ಲಿ ಆಯಿತು. ದುಡ್ಡು ನಾಲ್ಕು ಜನ ಎಣಿಸಿದರು. ಲೆಕ್ಕ ಬಾಗಿಲಿಗೆ ಅಂಟಿಸಿದ್ದೇವೆ, ಎರಡು ಭಾಷೆಯಲ್ಲೂ.

ಸಮಯದ ವಿಷಯ ಪಾಸ್ಟರೇಟ್ ಕಮಿಟಿಗೆ ಕೊಟ್ಟಿದ್ದೆವು. ಜನವರಿಯಿಂದ ಮೂರು ತಿಂಗಳು ಕನ್ನಡ 7.30ಕ್ಕೆ, ತಮಿಳು 9.30ಕ್ಕೆ ಅಂತ ತೀರ್ಮಾನ ಆಗಿದೆ. ನಮ್ಮ ಕಡೆ ಗೊಣಗಾಟ ಇದೆ. ಚಳಿಯಲ್ಲಿ ಬೇಗ ಏಳೋದು ಹೇಗೆ ಅಂತ ಕೇಳುತ್ತಿದ್ದಾರೆ. ಅವರು ಇಷ್ಟು ವರ್ಷ ಎದ್ದಿದ್ದಾರಲ್ಲ ಅಂತ ಸಭಾಪಾಲಕರು ಹೇಳಿದರು.

ಈಗ ಒಂದು ಸಹಾಯ ಬೇಕು. ಕ್ರಿಸ್ಮಸ್‌ಗೆ ಎರಡು ಕೊಯರ್ ಸೇರಿ ಹಾಡಬೇಕು ಅಂತಿದೆ. ತಮಿಳು ಕೀರ್ತನೆಗಳನ್ನು ಕನ್ನಡ ಲಿಪಿಯಲ್ಲಿ ಬರೆದದ್ದು ಯಾರ ಹತ್ತಿರವಾದರೂ ಇದೆಯಾ?

---

ಏಲಕ್ಕಿ ಮಳೆ ಬರೆದದ್ದು:

ಅಕ್ಕಾ, ನನ್ನ ಹತ್ತಿರ ನಲವತ್ತು ಹಾಡು ಇವೆ. ಕನ್ನಡ ಮಾತ್ರ ಓದಲು ಬರುತ್ತಿದ್ದ ನಾನು, ಅಮ್ಮ ಹಾಡುವಾಗ ಕೇಳಿ ಕೇಳಿ ಕನ್ನಡದಲ್ಲೇ ಬರೆದುಕೊಂಡ ನೋಟ್‌ಬುಕ್. ಕೆಲವು ಕಡೆ ಅಕ್ಷರ ತಪ್ಪಿರಬಹುದು. ತಮಿಳಿನ ಒಂದು ಳಕಾರಕ್ಕೆ ಈಗಿನ ಕನ್ನಡದಲ್ಲಿ ಅಕ್ಷರ ಇಲ್ಲ, ಅಲ್ಲಿ ಕೆಳಗೆ ಗೆರೆ ಎಳೆದಿದ್ದೇನೆ. ಆ ಅಜ್ಜಿಯನ್ನು ಕೇಳಿ, ಹೇಗೆ ಅನ್ನಬೇಕು ಅಂತ ಅವರು ಹೇಳಿಕೊಡುತ್ತಾರೆ. ಇವತ್ತು ರಾತ್ರಿ ಫೋಟೋ ತೆಗೆದು ಕಳಿಸ್ತೇನೆ.